ಕಲ್ಲಿನ ಆಚೆಗಿನ ಅಶ್ವತ್ಥ

ಸಾವಿನ ಸುದ್ದಿ ತಂದವನು ‘ಜೈ ಮಾತಾಜಿ’ ಎಂದು ನಮಸ್ಕಾರ ಹೇಳಬಾರದು. ಗುಜರಾತಿನ ಗಿರ್ ಕಾಡಿನ ಚಾರಣ ಕುಲದವರಲ್ಲಿ ಇದು ಹಿಂದಿನಿಂದ ನಡೆದುಬಂದ ಕಟ್ಟಳೆ. ಆದ್ದರಿಂದ ಆ ದಿನ ಬೆಳಿಗ್ಗೆ ಹಮೀರನು ಮೋಟಾರ್ ಸೈಕಲ್ಲನ್ನು ಬೇಲಿಯ ಹೊರಗೇ ನಿಲ್ಲಿಸಿ, ರುಮಾಲಿಲ್ಲದ ತಲೆಯಲ್ಲಿ, ಬಾಯಿ ಬಿಡದೆ ಅಂಗಳಕ್ಕೆ ಬಂದು ನಿಂತಾಗ ನಾಗಬಾಯಿ ಏನಾಯಿತೆಂದು ಕೇಳಲಿಲ್ಲ. ಮಜ್ಜಿಗೆ ಕಡೆಯುತ್ತಿದ್ದ ಹಗ್ಗವನ್ನು ಕೈಬಿಟ್ಟಳು. ಕಡೆಗೋಲು ಒಂದೆರಡು ಸುತ್ತು ತಾನಾಗಿ ತಿರುಗಿ ಸುಮ್ಮನಾಯಿತು.

"ನಿಮ್ಮ ಬಾಪೂನಾ?"

ಹಮೀರ ತಲೆಯಾಡಿಸಿದ.

"ಎಲ್ಲಿ?"

"ಕಲ್ಲಿನ ಹತ್ರಾನೇ, ಫೂಯಿ. ನಿನ್ನೆ ಸಾಯಂಕಾಲ ಎಮ್ಮೆಗಳು ತಾವಾಗೇ ಮನೆಗೆ ಬಂದ್ವು. ಬಾಪು ಬರ್ಲಿಲ್ಲ. ಹೋಗಿ ನೋಡಿದ್ರೆ ಕಲ್ಲಿಗೆ ಒರಗಿಕೊಂಡು ಕೂತಿದ್ರು. ನಿದ್ದೆ ಬಂದೋರ ಹಾಗೆ."

"ಕಲ್ಲಿನ ಈಚೆಗೋ, ಆಚೆಗೋ?"

ತಂದೆಯನ್ನು ಕಳೆದುಕೊಂಡ ಮಗನಿಗೆ ಸೋದರತ್ತೆ ಕೇಳುವ ಮಾತೇ ಇದು? ಹಮೀರ ಮುಖ ಮುಖ ನೋಡಿದ.

"ಈಚೆಗೆ, ಫೂಯಿ."

"ಹಾಗಾದ್ರೆ ನನ್ನ ತಮ್ಮ ಮಾತು ಉಳಿಸ್ಕೊಂಡ," ಎಂದು ನಾಗಬಾಯಿ ಎದ್ದಳು. ಆಮೇಲೆ ಒಳಗೆ ಹೋಗಿ, ಕರಿಯ ಉಣ್ಣೆಯ ಶಾಲು ಹೊದ್ದು, ದೇವಿಯ ಮುಂದಿನ ದೀಪಕ್ಕೆ ತುಪ್ಪ ಹಾಕಿ ಬಂದಳು. ಬಾಗಿಲು ಎಳೆದುಕೊಂಡಳು, ಬೀಗ ಹಾಕಲಿಲ್ಲ.

ವೇಜಾಣಂದ ಆಕೆಗೆ ತಮ್ಮ ಮಾತ್ರವಲ್ಲ, ಸೊಂಟದ ಮೇಲೆ ಹೊತ್ತು ಬೆಳೆಸಿದ ಕೂಸು. ಅವನನ್ನು ಹೆತ್ತು ಬಾಣಂತನದಲ್ಲೇ ತಾಯಿ ಕಣ್ಣು ಮುಚ್ಚಿದಳು. ಆಗ ಅವರ ಮನೆ ಇದ್ದದ್ದು ಕಾಡಿನ ನಟ್ಟನಡುವೆ, ಪೀಪಳಾ ನೆಸ್ಸಿನಲ್ಲಿ. ನೆಸ್ ಎಂದರೆ ಎಮ್ಮೆ ಸಾಕುವವರ ಹಟ್ಟಿ. ನಾಲ್ಕಾರು ಮಣ್ಣಿನ ಮನೆ, ಸುತ್ತ ಆಳೆತ್ತರದ ಮುಳ್ಳಿನ ಬೇಲಿ, ಬೇಲಿಯ ಹೊರಗೆ ಸಿಂಹ. ಹಟ್ಟಿಯ ಮುಂದೊಂದು ಅಶ್ವತ್ಥ. ಹಟ್ಟಿಯಲ್ಲಿ ಯಾರು ಹೋದರೂ ಹನ್ನೆರಡನೆಯ ದಿನ ಆ ಅಶ್ವತ್ಥದ ಬೇರಿಗೆ ನೀರೆರೆಯುತ್ತಿದ್ದರು. ಆ ನೀರು ಮುಟ್ಟಿದ ಮೇಲೆಯೇ ಸತ್ತವರ ಬಾಯಾರಿಕೆ ಅಡಗುತ್ತದೆ ಎಂದು ನಂಬಿಕೆ. ಅಜ್ಜನಿಗೆ, ಅಜ್ಜಿಗೆ, ತಾಯಿಗೆ, ತಂದೆಗೆ ಎಲ್ಲರಿಗೂ ಅಲ್ಲೇ ನೀರು ಬಿದ್ದಿತ್ತು.

ಆಮೇಲೆ ಸರಕಾರ ಕಾಡಿನ ನಡುಭಾಗವನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿತು. ಸುತ್ತಲಿನದು ಅಭಯಾರಣ್ಯವಾಗಿಯೇ ಉಳಿಯಿತು. ಅಭಯಾರಣ್ಯದಲ್ಲಿ ಹಟ್ಟಿಗಳು ಇರಬಹುದು, ಪಾಸು ಇದ್ದವರು ಎಮ್ಮೆ ಮೇಯಿಸಬಹುದು. ಉದ್ಯಾನದಲ್ಲಿ ಅದಾವುದೂ ಇಲ್ಲ. ಅಲ್ಲಿ ಯಾರಿಗೂ ಯಾವ ಹಕ್ಕೂ ಉಳಿಯುವುದಿಲ್ಲ. ಪೀಪಳಾ ನೆಸ್ಸಿನವರು ಗಂಟು ಕಟ್ಟಿದರು. ನಾಗಬಾಯಿಯ ಗಂಡನ ಮನೆಯವರು ಕಾಡಿನ ಹೊರಗೆ ಕೊಟ್ಟ ಹೊಲ ತೆಗೆದುಕೊಂಡು ಶೇಂಗಾ ಬೆಳೆಯುವವರಾದರು. ವೇಜಾಣಂದ ಮಾತ್ರ ಕಾಡು ಬಿಡಲಾರೆನೆಂದು ಅಭಯಾರಣ್ಯದ ಕರಮದೀ ನೆಸ್ಸಿಗೆ ಬಂದು ಸೇರಿದ.

ಬಂದವನು ಇನ್ನೊಂದು ಕೆಲಸ ಮಾಡಿದ. ಗಡಿಯ ಕಲ್ಲು ನೆಡಲು ಇಲಾಖೆಯವರು ಕೂಲಿಯಾಳು ಹುಡುಕುತ್ತಿದ್ದಾಗ ತಾನೇ ಹಾರೆ ಹಿಡಿದು ಹೋದ. ಕರಮದೀ ನೆಸ್ಸಿನ ಮೇಲಣ ಏರಿನಲ್ಲಿ ನಿಂತಿರುವ ಸುಣ್ಣ ಬಳಿದ ಕಲ್ಲು ಅವನು ನೆಟ್ಟದ್ದು. ಕೊಡಲಿ ಕಾವು ಕುಲಕ್ಕೆ ಮೃತ್ಯು ಎಂದು ನೆಂಟರೆಲ್ಲ ಅವನನ್ನು ಹಳಿದರು. ಅವನು ನಕ್ಕು, ಕಲ್ಲಿಗೆ ಸಿಂಧೂರ ಹಚ್ಚಿ, ಖೋಡಿಯಾರ್ ತಾಯಿಯ ಹೆಸರಿನಲ್ಲಿ ಎಲ್ಲರೆದುರಿಗೆ ಆಣೆ ಮಾಡಿದ: ‘ನಾನು ನೆಟ್ಟ ಕಲ್ಲನ್ನು ನಾನು ದಾಟುವುದಿಲ್ಲ. ನನ್ನ ಮನೆಯವರೂ ದಾಟುವುದಿಲ್ಲ.’ ಚಾರಣನ ಮಾತೆಂದರೆ ಹಿಂದೆ ರಾಜರು ಅದನ್ನೇ ಜಾಮೀನೆಂದು ಹಿಡಿಯುತ್ತಿದ್ದ ಕಾಲವಿತ್ತು. ಅಂದಿನಿಂದ ಅವನ ಎಮ್ಮೆ ತಪ್ಪಿ ಆಚೆಗೆ ಹೋದರೆ ಅವನು ಹಿಂದೆ ಓಡಲಿಲ್ಲ. ಕಲ್ಲಿನ ಬಳಿ ನಿಂತು ಕರೆದ. ಎಮ್ಮೆ ಬರುವ ತನಕ ಕರೆದ.

ಕಳೆದ ದೀಪಾವಳಿಗೆ ಅವನು ತುಪ್ಪದ ಡಬ್ಬ ಹಿಡಿದು ಅಕ್ಕನ ಮನೆಗೆ ಬಂದಿದ್ದ. ತಟ್ಟೆಯಲ್ಲಿ ಚಹಾ ಸುರಿದುಕೊಂಡು ಊದುತ್ತ ಕುಳಿತಿದ್ದಾಗ ನಾಗಬಾಯಿ ಕೇಳಿದ್ದಳು: "ಅಲ್ಲ ಕಣೋ ವೇಜಾ, ಅದೇ ಮರ, ಅದೇ ಹುಲ್ಲು, ಅದೇ ಸಿಂಹ. ನಿನ್ನ ಕಲ್ಲಿಂದ ಏನು ಬದಲಾಯ್ತು?"

"ಬೆನ್, ನೀನು ಗುಡಿಗೆ ಹೋಗ್ತೀಯಲ್ಲ. ಹೊರಗಿನ ಮಂಟಪದಲ್ಲಿ ಕೂತ್ಕೋತೀಯ, ಹಾಡ್ತೀಯ, ಮಕ್ಕಳಿಗೆ ರೊಟ್ಟಿ ತಿನ್ನಿಸ್ತೀಯ, ನೆರಳು ಸಿಕ್ತು ಅಂತ ಒಂದು ನಿದ್ದೇನೂ ಹೊಡೀತೀಯ. ದೇವಿ ಏನಾದ್ರೂ ಅಂತಾಳಾ?"

"ಯಾಕೆ ಅಂತಾಳೆ?"

"ಅದು ಅಭಯಾರಣ್ಯ. ನಾವೂ ಇರ್ತೀವಿ, ಅವಳೂ ಇರ್ತಾಳೆ, ಸ್ವಲ್ಪ ಹೊಂದ್ಕೊಂಡು ಹೋಗ್ಬೇಕು. ಆದ್ರೆ ಗರ್ಭಗುಡಿಗೆ ಕಾಲಿಡ್ತೀಯಾ? ಅಲ್ಲೂ ಅದೇ ದೇವರು, ಅದೇ ಕಲ್ಲಿನ ಗೋಡೆ. ಆದ್ರೂ ಹೊಸ್ತಿಲು ಹೊಸ್ತಿಲೇ. ಅದು ಉದ್ಯಾನ."

"ಹಾಗಾದ್ರೆ ಕಾಡಿನ ಗಾರ್ಡು ಪೂಜಾರೀನಾ?"

"ಹೌದು ಮತ್ತೆ! ಮಂಗಳಾರತಿ ಕೊಡದೆ ಬರೀ ಬೈಗುಳ ಕೊಡೋ ಪೂಜಾರಿ. ಈಗ ನಮ್ಮ ಕಡೆಗೆ ಒಬ್ಬ ಹುಡುಗಿ ಬಂದಿದ್ದಾಳೆ, ತೃಪ್ತಿಬೆನ್ ಅಂತ. ಅವಳು ಬಂದ ಕೂಡ್ಲೇ ನಾನು ಕೂಗ್ತೀನಿ, ಪೂಜಾರಿಣಿ ಬಂದ್ಲು ಚಹಾ ಇಡ್ರೋ ಅಂತ."

ನಕ್ಕು ನಕ್ಕು ಅವನಿಗೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ತಟ್ಟೆಯನ್ನು ಕೆಳಗಿಟ್ಟು ಹೇಳಿದ: "ಬೆನ್, ನನ್ನ ನೀರು ಮಾತ್ರ ಪೀಪಳಾ ನೆಸ್ಸಿನ ಅಶ್ವತ್ಥಕ್ಕೇ ಬೀಳ್ಬೇಕು. ಅವ್ವನ ಜೊತೆಗೆ."

"ಆಣೆ ಮಾಡಿರೋನು ನೀನು. ಮನೆಯವರು ಯಾರೂ ದಾಟಬಾರ್ದು ಅಂದೋನೂ ನೀನೇ. ನೀರು ಹ್ಯಾಗೋ ಬೀಳತ್ತೆ?"

"ಅದು ನಿನ್ನ ತಲೆನೋವು. ನಾನು ಸತ್ತಿರ್ತೀನಲ್ಲ!"

ಆ ತಲೆನೋವು ಈಗ ನಿಜವಾಗಿ ಬಂದು ತಲೆಯ ಮೇಲೆ ಕುಳಿತಿತ್ತು.

ಕರಮದೀ ನೆಸ್ಸಿಗೆ ಬಂದ ನಾಗಬಾಯಿಯನ್ನು ಕಂಡು ಹೆಂಗಸರು ಒಮ್ಮೆಗೇ ಗೋಳಿಟ್ಟರು. ಆಕೆ ಎಲ್ಲರನ್ನೂ ತಬ್ಬಿಕೊಂಡಳು. ಹಮೀರನ ಹೆಂಡತಿ ವಾಲಬಾಯಿಯ ಕಣ್ಣು ಒರೆಸಿದಳು. ತಾನು ಅಳಲಿಲ್ಲ.

"ಆಯಿ, ನೀವೂ ಅತ್ತುಬಿಡಿ, ಎದೆ ಹಗುರಾಗತ್ತೆ," ಎಂದಳು ಒಬ್ಬಳು.

"ನೀರು ಮುಟ್ಟಿದ ಮೇಲೆ ಅಳ್ತೀನಿ. ಈಗ ನನಗೆ ಕೆಲಸ ಇದೆ."

ದುಃಖದ ಮನೆಯಲ್ಲಿ ಕೈ ಒಂದು ಮಾಡುತ್ತದೆ, ಮನಸ್ಸು ಎಲ್ಲೋ ಇರುತ್ತದೆ. ಹೀಗೇ ಆ ಮನೆಯಲ್ಲೂ ಒಂದು ತಪ್ಪು ನಡೆದುಹೋಯಿತು. ಸತ್ತವರ ಬಟ್ಟೆ ಮನೆಯಲ್ಲಿ ಉಳಿಯಬಾರದೆಂದು ಹಮೀರ ಅಂದೇ ತಂದೆಯ ಅಂಗಿ, ಚಲ್ಲಣ, ಹಾಸಿಗೆ ಎಲ್ಲ ಗಂಟು ಕಟ್ಟಿ ದಾರಿಯಲ್ಲಿ ಹೋಗುತ್ತಿದ್ದ ಬೈರಾಗಿಗೆ ಕೊಟ್ಟುಬಿಟ್ಟ. ಆ ಗಂಟಿನಲ್ಲಿ ಹಾಲು ಕರೆಯುವ ಕಂಬಳಿಯೂ ಹೋಯಿತು. ಎಮ್ಮೆ ಕಟ್ಟಿದವರಿಗೆಲ್ಲ ಗೊತ್ತಿರುವ ವಿಷಯ ಇದು: ಒಬ್ಬನ ಕೈಗೆ ಒಗ್ಗಿದ ಎಮ್ಮೆ ಇನ್ನೊಬ್ಬರಿಗೆ ಹಾಲಿಳಿಸುವುದಿಲ್ಲ, ಅವನ ಕಂಬಳಿ ಹೊದ್ದು, ಅವನ ವಾಸನೆಯಲ್ಲಿ ಕುಳಿತರೆ ಮಾತ್ರ ಕೆಚ್ಚಲು ಸಡಿಲ ಬಿಡುತ್ತದೆ. ಅದಕ್ಕೆಂದೇ ಮನೆಯ ಯಜಮಾನ ಹೋದರೆ ಬೇರೆಲ್ಲ ಕೊಟ್ಟರೂ ಕಂಬಳಿಯೊಂದನ್ನು ಇಟ್ಟುಕೊಳ್ಳುತ್ತಾರೆ. ಹಮೀರನಿಗೆ ಅದು ಮರೆತುಹೋಗಿತ್ತು.

ಹಾಥಣಿ ಎಂಬುದು ವೇಜಾಣಂದನ ಹಿಂಡಿನ ಹಿರಿಯ ಎಮ್ಮೆ. ಹೆಸರಿಗೆ ತಕ್ಕಂತೆ ಹೆಣ್ಣಾನೆಯ ಮೈಕಟ್ಟು, ಕಣ್ಣಿನವರೆಗೆ ಇಳಿದ ಕೋಡು, ಕೊರಳಲ್ಲಿ ಹಿತ್ತಾಳೆಯ ಗಂಟೆ. ಅವಳು ನಡೆದಲ್ಲಿ ಹಿಂಡು ನಡೆಯುತ್ತದೆ. ಅವಳೀಗ ಹಮೀರನನ್ನು ಹತ್ತಿರ ಸೇರಿಸಲಿಲ್ಲ. ವಾಲಬಾಯಿ ತಂಬಿಗೆ ಹಿಡಿದು ಕೂತರೆ ಒದ್ದಳು. ಬೆಳಿಗ್ಗೆ ಸಂಜೆ ಬೇಲಿಯ ಬಾಗಿಲಲ್ಲಿ ನಿಂತು ಏರಿನ ಕಡೆಗೆ ಮೂಗೆತ್ತಿ ಮೂಸುವುದು, ಕೂಗುವುದು.

"ನನ್ನ ಮೇಲೆ ಸಿಟ್ಟು ಅವಳಿಗೆ," ಎಂದ ಹಮೀರ.

"ಸಿಟ್ಟಲ್ಲ, ಹುಡುಕ್ತಿದ್ದಾಳೆ. ನಾವೆಲ್ಲ ಚಿತೆಯ ಹೊಗೆ ನೋಡಿದ್ವಿ. ಅವಳಿಗೆ ಯಾರು ಹೇಳಿದಾರೆ?" ಎಂದಳು ನಾಗಬಾಯಿ.

ಇತ್ತ ನೀರಿನ ಮಾತು ಕಟ್ಟೆಯಲ್ಲಿ ಬೆಳೆಯಿತು. ವೇಜಾಣಂದನನ್ನು ಜೀವಮಾನವೆಲ್ಲ ಛೇಡಿಸಿದ ಪೂನಾಕಾಕಾ ಈಗಲೂ ಬಿಡಲಿಲ್ಲ. ಅವನದು ಕೊಂಕು ಬಾಯಿ, ಮೆತ್ತಗಿನ ಮನಸ್ಸು.

"ಕಲ್ಲು ನೆಡೋವಾಗ ಇರ್ಲಿಲ್ವಾ ಬುದ್ಧಿ? ನೀರು ಬೇಕಾದೋನು ಕಲ್ಲನ್ನ ಅಶ್ವತ್ಥದಿಂದ ಆಚೆಗೆ ನೆಡ್ಬೇಕಿತ್ತು!"

"ನಿನ್ನ ಹತ್ರ ಹಾರೆ ಕೊಟ್ಟಿದ್ರೆ ಸೋಮನಾಥದ ಸಮುದ್ರದ ತನಕ ತಗೊಂಡು ಹೋಗಿ ನೆಡ್ತಿದ್ದೆ, ಪೂನಾ," ಎಂದಳು ನಾಗಬಾಯಿ. "ಅದಕ್ಕೇ ನಿನ್ನ ಯಾರೂ ಕರೀಲಿಲ್ಲ."

ಕುಳಿತವರು ಶೋಕದ ನಡುವೆಯೂ ನಕ್ಕರು. ಪೂನಾಕಾಕಾ ತಾನೂ ನಕ್ಕು, ಕಣ್ಣೊರೆಸಿಕೊಂಡ.

ಹಮೀರ ತಗ್ಗಿದ ದನಿಯಲ್ಲಿ ಹೇಳಿದ: "ಫೂಯಿ, ಒಂದು ತಂಬಿಗೆ ನೀರು ತಾನೇ. ಹಳ್ಳದ ಗುಂಟ ಹೋಗಿ ಸುರಿದು ಬಂದ್ಬಿಡ್ತೀನಿ. ಯಾರಿಗೆ ಗೊತ್ತಾಗತ್ತೆ?"

"ನಿಮ್ಮಪ್ಪನಿಗೆ."

"ಅವರಿಗೇ ಬೇಕಾಗಿದ್ದಲ್ವಾ?"

"ಕದ್ದು ಕೊಟ್ಟ ನೀರು ಅವನ ಗಂಟಲಿಗೆ ಇಳಿಯತ್ತೇನೋ? ಜೊತೆಗೆ ನೀನು ಸಿಕ್ಕಿಬಿದ್ರೆ ಪಾಸು ಹೋಗತ್ತೆ, ಮಂಟಪಾನೂ ಹೋಗತ್ತೆ. ಆಮೇಲೆ ನನ್ನ ಹಾಗೆ ಹೊರಗೆ ಬಂದು ಶೇಂಗಾ ಬಿಡಿಸು."

ಗಾರ್ಡ್ ತೃಪ್ತಿಬೆನ್ ಸಾಂತ್ವನ ಹೇಳಲು ಬಂದವಳು ಈ ಮಾತು ಕೇಳಿಸಿಕೊಂಡಳು. ಖಾಕಿ ಬಟ್ಟೆಯ ಗಟ್ಟಿ ಹುಡುಗಿ, ವಯಸ್ಸು ಮೂವತ್ತರ ಒಳಗೆ. ತಾನೇ ಹೋಗಿ ಮೇಲಿನ ಸಾಹೇಬರನ್ನು ಕೇಳಿ ನೋಡುವೆನೆಂದಳು, ಕೇಳಿಯೂ ಬಂದಳು. ಮರುದಿನ ಬಂದು ನೆಲ ನೋಡುತ್ತ ಕುಳಿತಳು.

"ಆಗಲ್ಲ, ಆಯಿ. ಸಾಹೇಬ್ರು ಒಳ್ಳೇವ್ರು, ಬೈಲಿಲ್ಲ. ನಿಮ್ಮ ನೆಸ್ಸಿನಲ್ಲಿ ಏನು ಬೇಕಾದ್ರೂ ಮಾಡ್ಕೊಳ್ಳಿ, ನಾನೇ ಬರ್ತೀನಿ ಅಂದ್ರು. ಇದು ಅಭಯಾರಣ್ಯ. ಇಲ್ಲಿ ವಾಸ ಇರೋರಿದ್ದಾರೆ, ಅವರ ಮನೆಗೆ ಜನ ಬರಬಹುದು, ಕಾರ್ಯ ಮಾಡಬಹುದು. ಅಲ್ಲಿ ವಾಸ ಇರೋರು ಯಾರು? ಯಾರ ಮನೆಗೆ ಅಂತ ಬಿಡೋದು? ಒಬ್ಬರಿಗೆ ಬಿಟ್ರೆ ಹಳೇ ನೆಸ್ಸಿನವರೆಲ್ಲ ಬರ್ತಾರೆ."

"ಬರ್ತಾರೆ," ಎಂದು ನಾಗಬಾಯಿ ಒಪ್ಪಿದಳು. "ನಾನೇ ವರ್ಷಾ ವರ್ಷಾ ಬರ್ತಿದ್ದೆ. ಸಾಹೇಬ್ರದ್ದು ತಪ್ಪಲ್ಲ ಬಿಡು."

"ಮತ್ತೆ ಏನ್ಮಾಡ್ತೀರಿ?"

"ನೀರು ಬೀಳತ್ತೆ. ಹ್ಯಾಗೆ ಅಂತ ತಾಯಿ ಇನ್ನೂ ಹೇಳಿಲ್ಲ. ಹೇಳ್ತಾಳೆ."

ಆಕೆ ಅದನ್ನು ಹೇಳಿದ ರೀತಿ, ನಾಳೆ ಸೂರ್ಯ ಮೂಡುತ್ತಾನೆ ಎನ್ನುವ ಹಾಗಿತ್ತು.

ಹನ್ನೆರಡನೆಯ ದಿನ ಬೆಳಗಾಯಿತು. ಚಳಿಗಾಲದ ಮಂಜು ಮುತ್ತುಗದ ಮರಗಳ ನಡುವೆ ಇನ್ನೂ ತೂಗುತ್ತಿತ್ತು. ನಾಗಬಾಯಿ ಸ್ನಾನ ಮಾಡಿ, ತಾಮ್ರದ ತಂಬಿಗೆಗೆ ಬಾವಿಯ ನೀರು ತುಂಬಿ, ಅದಕ್ಕೆ ಒಂದು ಹನಿ ಹಾಲು, ಎರಡು ಕಾಳು ಎಳ್ಳು ಹಾಕಿ ಮುಚ್ಚಿಟ್ಟಳು. ಆ ಹೊತ್ತಿಗೆ ವಾಲಬಾಯಿ ಓಡಿಬಂದಳು.

"ಫೂಯಿ, ಹಾಥಣಿ ಬೇಲಿ ಮುರ್ಕೊಂಡು ಹೋಗಿದ್ದಾಳೆ! ಹಿಂಡೆಲ್ಲ ಹಿಂದೇನೇ ಹೋಗಿದೆ!"

ಹೆಜ್ಜೆಯನ್ನು ಹುಡುಕುವುದೇ ಬೇಕಿರಲಿಲ್ಲ. ಇಬ್ಬನಿಯ ಹುಲ್ಲಿನಲ್ಲಿ ಬಂಡಿ ಹೋದ ಹಾಗೆ ದಾರಿ ಬಿದ್ದಿತ್ತು. ಅದು ಏರು ಹತ್ತಿ, ಸುಣ್ಣದ ಕಲ್ಲಿನ ಪಕ್ಕದಲ್ಲೇ ಹಾದು, ನೇರವಾಗಿ ಆಚೆಗೆ ಇಳಿದಿತ್ತು. ಪೀಪಳಾ ನೆಸ್ಸು ಇರುವುದು ಆ ಕಡೆಗೇ. ದೂರದಲ್ಲಿ, ತೇಗದ ಮರಗಳ ಒಳಗೆ, ಗಂಟೆಯ ಸದ್ದು ಬಿಟ್ಟು ಬಿಟ್ಟು ಕೇಳುತ್ತಿತ್ತು.

ಕಲ್ಲಿನ ಬಳಿ ತೃಪ್ತಿಬೆನ್ ಮೊದಲೇ ಬಂದು ನಿಂತಿದ್ದಳು. ಅವಳ ಬೈಕು ಮರಕ್ಕೆ ಒರಗಿತ್ತು.

"ಆಯಿ, ಒಳಗೆ ಸಿಂಹಿಣಿ ಇದೆ, ಮರಿಗಳ ಜೊತೆ. ಈಗ ತಾನೇ ಹೆಜ್ಜೆ ನೋಡಿ ಬಂದೆ. ಹಿಂಡು ಅಲ್ಲೇ ಹೋಗಿದೆ."

ಹಮೀರ ಕೋಲು ತಿರುಗಿಸಿ ಹಿಡಿದ. "ನಾನು ಹೋಗ್ತೀನಿ."

"ನೀವು ಹೋಗೋ ಹಾಗಿಲ್ಲ, ಹಮೀರಭಾಯಿ. ಹೋದ್ರೆ ನಾನು ಕೇಸು ಹಾಕ್ಬೇಕಾಗತ್ತೆ. ಹಾಕ್ತೀನಿ."

"ಹಾಕಮ್ಮಾ ಹಾಕು! ಅದೇ ಹುಲ್ಲು ಕಲ್ಲಿನ ಈಚೆ ತಿಂದ್ರೆ ಮೇವು, ಆಚೆ ತಿಂದ್ರೆ ಅಪರಾಧ. ನಮ್ಮ ಎಮ್ಮೆಗೆ ಓದು ಬರಹ ಕಲಿಸಿಲ್ಲ, ತಪ್ಪಾಯ್ತು!"

ಆಮೇಲೆ ಅವನು ಅತ್ತೆಯ ಕಡೆಗೆ ತಿರುಗಿದ. ಅವನ ದನಿ ಇಳಿಯಿತು. "ಫೂಯಿ, ಇದು ತಾಯಿ ತೋರಿಸಿದ ದಾರಿ ಅಲ್ವಾ? ಎಮ್ಮೆ ತರೋಕೆ ಹೋಗಲೇಬೇಕು. ಆ ತಂಬಿಗೆ ಕೊಡು. ಎಮ್ಮೆ ಬೆನ್ನಟ್ಟಿ ಹೋದೋನು ದಾರೀಲಿ ನೀರು ಸುರಿದ ಅಂತ ಆಗತ್ತೆ. ಯಾರೂ ಏನೂ ಅನ್ನಲ್ಲ."

ನಾಗಬಾಯಿಯ ಕೈಯಲ್ಲಿ ತಂಬಿಗೆ ಇತ್ತು; ಅವಸರದಲ್ಲಿ ಅದನ್ನು ಹಿಡಿದುಕೊಂಡೇ ಬಂದಿದ್ದಳು. ಆಕೆ ಕಲ್ಲನ್ನು ನೋಡಿದಳು. ತಮ್ಮನ ಬೆನ್ನು ಒರಗಿ ಒರಗಿ ಒಂದು ಕಡೆ ಸುಣ್ಣ ಸವೆದು ನುಣುಪಾಗಿತ್ತು. ಆ ನುಣುಪಿನ ಮೇಲೆ ಅಂಗೈ ಇಟ್ಟಳು. ಕಲ್ಲು ತಣ್ಣಗಿತ್ತು.

"ನಿಮ್ಮಪ್ಪ ಇಲ್ಲಿ ನಿಂತು ಏನು ಮಾಡ್ತಿದ್ದ?"

"ಕರೀತಿದ್ರು."

"ನಾವೂ ಅದನ್ನೇ ಮಾಡೋಣ."

"ನಾನು ಕರೆದಾಯ್ತು ಫೂಯಿ, ಬರೋ ದಾರೀಲೆಲ್ಲ ಕರೆದೆ! ನನ್ನ ದನಿ ಅವಳಿಗೆ ಬೇಕಾಗಿಲ್ಲ."

"ಆ ಕರೆ ನಿಮ್ಮಪ್ಪನಿಗೆ ಯಾರು ಕಲಿಸಿದ್ದು ಅಂದ್ಕೊಂಡಿದ್ದೀಯಾ?"

ಹೌದು. ಪೀಪಳಾ ನೆಸ್ಸಿನಲ್ಲಿ ಸಂಜೆಯಾದರೆ ಸೊಂಟದಲ್ಲಿ ತಮ್ಮನನ್ನು ಕೂರಿಸಿಕೊಂಡು ಎಮ್ಮೆಗಳನ್ನು ಕರೆಯುತ್ತಿದ್ದವಳು ಅವಳೇ. ಮಗು ಮಾತು ಕಲಿಯುವ ಮೊದಲು ಆ ಕರೆ ಕಲಿತಿತ್ತು. ಆದರೆ ಅದು ಎಷ್ಟೋ ವರ್ಷದ ಹಿಂದಿನ ಮಾತು! ಹೊರಗಿನ ಊರಿನಲ್ಲಿ ಅವಳ ಎಮ್ಮೆಗಳು ಗೂಟದಲ್ಲೇ ಇರುವವು. ಮಾರು ದೂರದಲ್ಲಿ ನಿಂತ ಎಮ್ಮೆಯನ್ನು ಯಾರು ಕೂಗಿ ಕರೆಯುತ್ತಾರೆ? ಆ ದನಿ ಇನ್ನೂ ತನ್ನಲ್ಲಿ ಇದೆಯೋ ಇಲ್ಲವೋ ಆಕೆಗೇ ತಿಳಿಯದು.

ತಂಬಿಗೆಯನ್ನು ಕಲ್ಲಿನ ಬುಡದಲ್ಲಿ ಇಟ್ಟಳು. ಹಮೀರನ ಕೋಲು ತೆಗೆದುಕೊಂಡು ಅದರ ಕಬ್ಬಿಣದ ಕಟ್ಟಿನಿಂದ ಕಲ್ಲಿನ ನೆತ್ತಿಗೆ ಮೆಲ್ಲನೆ ಬಡಿದಳು. ಕಣ್ಣು ಮುಚ್ಚಿ, ಗಲ್ಲಕ್ಕೆ ಕೈ ಆನಿಸಿ, ‘ಬಾರೇ ತಾಯೀ’ ಎಂಬ ಆ ಹಳೆಯ ಕರೆಯನ್ನು ಕರೆದಳು.

"ಆ...ವೋ! ಆ...ವೋ ಮಾ...ಡೀ!"

ದನಿ ಒಡೆಯಿತು. ಕೊನೆಯ ಎಳೆ ಕೆಮ್ಮಾಗಿ ಬಿತ್ತು. ನವಿಲೊಂದು ಎಲ್ಲಿಂದಲೋ ಅಣಕಿಸಿದ ಹಾಗೆ ಕೂಗಿತು. ಪೂನಾಕಾಕಾ ಏದುಸಿರು ಬಿಡುತ್ತ ಅಷ್ಟರಲ್ಲಿ ಏರು ಹತ್ತಿ ಬಂದಿದ್ದ.

ಆದರೆ ಕಾಡಿನೊಳಗೆ ಗಂಟೆ ನಿಂತಿತ್ತು.

"ಕೇಳಿಸ್ಕೊಂಡ್ಲು," ಎಂದಳು ನಾಗಬಾಯಿ. "ಯಾರು ಅಂತ ಯೋಚನೆ ಮಾಡ್ತಿದ್ದಾಳೆ."

ಎರಡನೆಯ ಸಲ ಆಕೆ ದನಿಯನ್ನು ಗಂಟಲಿಂದ ತೆಗೆಯಲಿಲ್ಲ. ಹೊಟ್ಟೆಯಿಂದ ತೆಗೆದಳು, ಮಗುವನ್ನು ಸೊಂಟದಲ್ಲಿ ಕೂರಿಸಿಕೊಂಡವಳಂತೆ ಮೈಯನ್ನು ಒಂದು ಕಡೆಗೆ ವಾಲಿಸಿ. ಕರೆ ಏರಿ, ತೇಗದ ತುದಿಗಳ ಮೇಲೆ ಹೋಗಿ, ಆಚೆಯ ಇಳಿಜಾರಿಗೆ ಬಿದ್ದು, ಅಲ್ಲಿಂದ ಮಾರ್ದನಿಯಾಗಿ ತಿರುಗಿತು. ಹಮೀರನಿಗೆ ಮೈ ಜುಮ್ಮೆಂದಿತು. ಅದು ಅವನ ತಂದೆಯ ಕರೆ, ಹೆಣ್ಣು ದನಿಯಲ್ಲಿ.

ಗಂಟೆ ಮತ್ತೆ ಸದ್ದು ಮಾಡಿತು. ಈಗ ಅದು ಬಿಟ್ಟು ಬಿಟ್ಟು ಬರಲಿಲ್ಲ. ಸಮನಾಗಿ ಬಂತು.

ಮೊದಲು ಕಂಡದ್ದು ಎಮ್ಮೆಯಲ್ಲ. ಮಂಜಿನಿಂದ ಸಿಂಹಿಣಿಯೊಂದು ಹೊರಬಂದು, ಎರಡು ಮರಿಗಳನ್ನು ಹಿಂದೆ ಕಟ್ಟಿಕೊಂಡು, ಕಲ್ಲಿನಿಂದ ಸ್ವಲ್ಪ ಕೆಳಗೆ ಗಡಿಯನ್ನು ದಾಟಿ ಈಚೆಯ ಪೊದೆಗೆ ನಡೆದುಹೋಯಿತು. ಯಾರನ್ನೂ ತಿರುಗಿ ನೋಡಲಿಲ್ಲ. ಯಾರೂ ಕದಲಲಿಲ್ಲ.

"ಅವಳಿಗೆ ಎರಡೂ ಕಡೆ ಪಾಸು," ಎಂದ ಪೂನಾಕಾಕಾ ಪಿಸುದನಿಯಲ್ಲಿ.

ಅದರ ಹಿಂದೆ ಹಾಥಣಿ ಬಂದಳು. ಎಳೆಯ ಕರುಗಳನ್ನು ನಡುವೆ ಹಾಕಿಕೊಂಡು, ಕೋಡುಗಳ ಕೋಟೆ ಕಟ್ಟಿಕೊಂಡು ಹಿಂಡು ಬಂತು. ಹಾಥಣಿಯ ಮೊಣಕಾಲಿನವರೆಗೆ ಹಸಿಯ ಕೆಸರು. ಬೆನ್ನಿನ ಮೇಲೆ ಒಣಗಿದ ಅಶ್ವತ್ಥದ ಎಲೆಯೊಂದು ಅಂಟಿಕೊಂಡಿತ್ತು. ಅವಳು ಕಲ್ಲು ದಾಟಿ ಬಂದು, ನಾಗಬಾಯಿಯ ಕರಿಯ ಶಾಲಿಗೆ ಮೂಗು ಹಚ್ಚಿ ಉದ್ದಕ್ಕೆ ಉಸಿರೆಳೆದಳು. ವೇಜಾಣಂದನ ಕಂಬಳಿ, ಈ ಶಾಲು ಎರಡೂ ಒಂದೇ ಮನೆಯ ಕುರಿಯ ಉಣ್ಣೆ, ಒಂದೇ ಕೈ ನೂತದ್ದು. ನಾಗಬಾಯಿ ಶಾಲನ್ನು ತೆಗೆದು ವಾಲಬಾಯಿಯ ಹೆಗಲಿಗೆ ಹೊದಿಸಿದಳು.

"ಇದು ನಿನಗೇ. ಸಾಯಂಕಾಲ ಇದನ್ನ ಹೊದ್ದು ಕೂತ್ಕೋ. ಹಾಲಿಳಿಸ್ತಾಳೆ. ಒಂದು ವೇಳೆ ಒದ್ರೆ, ಅತ್ತೆ ಒದ್ಲು ಅಂದ್ಕೊಂಡು ಸುಮ್ನಿರು."

ತೃಪ್ತಿಬೆನ್ ಮುಗುಳ್ನಕ್ಕಳು. ಆಮೇಲೆ ಸ್ವಲ್ಪ ಸಂಕೋಚದಿಂದ ಹೇಳಿದಳು: "ಆಯಿ, ಹಿಂಡು ಒಳಗೆ ಹೋಗಿತ್ತು ಅಂತ ನಾನು ಸಾಹೇಬ್ರಿಗೆ ಹೇಳಲೇಬೇಕು."

"ಹೇಳು, ದೀಕರಿ."

"ಕರೆದ ಕೂಡ್ಲೇ ಬಂದ್ವು, ಮನುಷ್ಯರು ಯಾರೂ ದಾಟಲಿಲ್ಲ ಅಂತಾನೂ ಹೇಳ್ತೀನಿ."

"ನಿಜ ಹೇಳೋಕೆ ಎರಡು ಸಲ ಯಾಕೆ ಯೋಚಿಸ್ತೀಯ?"

ದೀಕರಿ ಎಂದರೆ ಮಗಳು. ಆ ಮಾತು ಬಾಯಿಂದ ಬಂದ ಮೇಲೆ ನಾಗಬಾಯಿ ಅವಳತ್ತ ತಿರುಗಿದಳು. ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು: ಕೆಸರು ಹತ್ತಿದ ಬೂಟು, ಖಾಕಿ, ಎಣ್ಣೆ ಹಚ್ಚಿ ಬಿಗಿದ ಜಡೆ. ತಮ್ಮನ ನಗು, ಆ ನಗುವಿನ ಕೊನೆಯ ಕೆಮ್ಮು ನೆನಪಾಯಿತು.

"ನೀನೀಗ ಎಲ್ಲಿಗೆ ಹೊರಟಿದ್ದೆ?"

"ಗಸ್ತಿಗೆ, ಆಯಿ. ಹಿಂಡಲ್ಲಿ ಯಾವ್ದಾದ್ರೂ ಹಿಂದುಳೀತಾ ನೋಡ್ಬೇಕು. ಹಳೇ ಪೀಪಳಾ ನೆಸ್ಸಿನ ತನಕ ಹೋಗಿ ಬರ್ತೀನಿ."

"ದಿನಾ ಹೋಗ್ತೀಯಾ?"

"ನನ್ನ ಡ್ಯೂಟಿನೇ ಅದು."

ನಾಗಬಾಯಿ ಹಮೀರನ ಕಡೆಗೆ ತಿರುಗಿದಳು. "ಲೋ, ಗರ್ಭಗುಡಿಗೆ ನಾವು ಹೋಗೋದಿಲ್ಲ. ಆದ್ರೆ ನಮ್ಮ ಹೂವು, ಹಾಲು, ನೀರು ಒಳಗೆ ಹೋಗೋದಿಲ್ವಾ?"

ಹಮೀರನಿಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಪೂನಾಕಾಕಾನಿಗೆ ಬೇಗ ಅರ್ಥವಾಯಿತು. "ಪೂಜಾರಿಣಿ!" ಎಂದು ತೊಡೆ ತಟ್ಟಿದ. "ಕಳ್ಳ ನನ್ಮಗ ವೇಜಾ! ಸಾಯೋಕೆ ಮುಂಚೇನೇ ಪೂಜಾರಿಣೀನ ನೇಮಕ ಮಾಡಿ ಹೋಗಿದ್ದಾನೆ!"

ತೃಪ್ತಿಬೆನ್ ಒಂದು ಹೆಜ್ಜೆ ಹಿಂದೆ ಸರಿದಳು. "ಅಯ್ಯೋ ಆಯಿ, ನಾನಾ? ನಾನು ನಿಮ್ಮವಳಲ್ಲ, ಕಡಲ ಕಡೆಯವಳು. ಮೀನು ತಿನ್ನೋ ಮನೆ ನಮ್ದು. ಮಂತ್ರ ಗಿಂತ್ರ ಏನೂ ಬರಲ್ಲ. ಮೇಲಾಗಿ ಯೂನಿಫಾರ್ಮಲ್ಲಿದ್ದೀನಿ."

"ನಮ್ಮಲ್ಲಿ ಮನೆ ಹೆಣ್ಣುಮಕ್ಕಳೂ ನೀರು ಹಾಕ್ತಾರೆ. ವೇಜಾ ನಿನ್ನ ಏನಂತ ಕರೀತಿದ್ದ?"

"ಪೂಜಾರಿಣಿ ಅಂತ ತಮಾಷೆಗೆ. ಇಲ್ದಿದ್ರೆ... ದೀಕರಿ ಅಂತ."

"ಮುಗೀತಲ್ಲ. ಮಂತ್ರ ಬೇಡ, ಹೆಸರು ಸಾಕು. ಗಸ್ತಿನ ದಾರೀಲಿ ಒಂದು ಮರಕ್ಕೆ ಒಂದು ತಂಬಿಗೆ ನೀರು ಹಾಕಿದ್ರೆ ನಿನ್ನ ಸರಕಾರ ಏನಾದ್ರೂ ಅನ್ನತ್ತಾ?"

ಹುಡುಗಿ ಯೋಚಿಸಿದಳು. ತಲೆ ಎತ್ತಿದಾಗ ಅವಳ ಕಣ್ಣು ಒದ್ದೆಯಾಗಿತ್ತು, ಮಾತು ಮಾತ್ರ ಖಚಿತವಾಗಿತ್ತು. "ಮರಕ್ಕೆ ನೀರು ಹಾಕ್ಬಾರ್ದು ಅಂತ ಯಾವ ಕಾನೂನಲ್ಲೂ ಇಲ್ಲ. ಸಾಹೇಬ್ರಿಗೆ ಇದನ್ನೂ ಹೇಳ್ತೀನಿ. ಕೊಡಿ."

ಅವಳು ಬೂಟು ಬಿಚ್ಚಲು ಬಗ್ಗಿದಳು.

"ಬೇಡ ಬೇಡ, ಮುಳ್ಳಿದೆ. ಮರದ ಹತ್ರ ಬಿಚ್ಚಿದ್ರೆ ಸಾಕು."

ನಾಗಬಾಯಿ ತಂಬಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಕಲ್ಲಿನ ಮೇಲಿಂದ ನೀಡಿದಳು. ತೃಪ್ತಿಬೆನ್ ಆಚೆಗೆ ನಿಂತು ಎರಡೂ ಕೈಯಲ್ಲಿ ತೆಗೆದುಕೊಂಡಳು. ಒಂದು ಹನಿ ತುಳುಕಿ ಕಲ್ಲಿನ ನೆತ್ತಿಗೆ ಬಿತ್ತು. ಹುಡುಗಿ ಮಗುವನ್ನು ಎತ್ತಿಕೊಂಡವಳ ಹಾಗೆ ತಂಬಿಗೆಯನ್ನು ಎದೆಗೆ ಒತ್ತಿಕೊಂಡು, ಹಿಂಡು ಮಾಡಿದ್ದ ದಾರಿಯಲ್ಲೇ ಇಳಿದುಹೋದಳು. ಸ್ವಲ್ಪ ದೂರದವರೆಗೆ ಖಾಕಿ ಕಂಡಿತು. ಆಮೇಲೆ ಒಣ ಹುಲ್ಲು, ಖಾಕಿ ಒಂದೇ ಆದವು.

ಉಳಿದವರು ಕಾದರು. ಎಮ್ಮೆಗಳು ಈಚೆಯ ಹುಲ್ಲನ್ನು ನೆಮ್ಮದಿಯಿಂದ ಮೇಯತೊಡಗಿದವು. ವಾಲಬಾಯಿ ಸೆರಗಿನಲ್ಲಿ ಕಟ್ಟಿ ತಂದಿದ್ದ ಸಜ್ಜೆ ರೊಟ್ಟಿ, ಬೆಲ್ಲ ಹಂಚಿದಳು. ಹಮೀರ ಮುಟ್ಟಲಿಲ್ಲ, ಪೂನಾಕಾಕಾ ಅವನ ಪಾಲನ್ನೂ ತಿಂದ. ಮಂಜು ಹರಿದು ಬಿಸಿಲು ಬಂತು. ನಾಗಬಾಯಿ ತಮ್ಮ ಒರಗುತ್ತಿದ್ದ ಜಾಗದಲ್ಲಿ ಒರಗಿ ಕುಳಿತಿದ್ದಳು. ಬೆನ್ನಿಗೆ ಕಲ್ಲು ಸರಿಯಾಗಿ ಹೊಂದಿತು.

ತೃಪ್ತಿಬೆನ್ ತಿರುಗಿ ಬಂದಾಗ ತಂಬಿಗೆಯನ್ನು ಬೋರಲು ಹಿಡಿದಿದ್ದಳು.

"ಹಾಕಿದೆ, ಆಯಿ. ಬೇರಿಗೇ ಹಾಕಿದೆ. ಅವರ ಹೆಸರು ಹೇಳ್ದೆ. ನಿಮ್ಮವ್ವನ ಹೆಸರು ಗೊತ್ತಿರ್ಲಿಲ್ಲ, ಅವ್ವ ಅಂತಾನೇ ಅಂದೆ."

"ಮರ ಹ್ಯಾಗಿದೆ?"

"ದೊಡ್ಡದಾಗಿದೆ. ಬೇಲಿ, ಮನೆ ಏನೂ ಇಲ್ಲ. ಒಂದು ಹೊಸ್ತಿಲ ಕಲ್ಲು ಮಾತ್ರ ಬೇರಿನೊಳಗೆ ಸಿಕ್ಕೊಂಡಿದೆ. ಮರದ ಕೆಳಗೆ ಜಿಂಕೆ ಮಲಗಿದ್ವು, ನಾನು ಹೋದಾಗ ಎದ್ದು ಸ್ವಲ್ಪ ದೂರ ಹೋಗಿ ನಿಂತ್ವು. ನೀರು ಬಿದ್ದ ಕೂಡ್ಲೇ ನೆಲ ಕುಡೀತು. ಒಂದು ಹನೀನೂ ಹರೀಲಿಲ್ಲ."

"ಬಾಯಾರಿತ್ತು," ಎಂದಳು ನಾಗಬಾಯಿ.

ಆಗ ಆಕೆ ಅತ್ತಳು. ತಮ್ಮನ ಹೆಸರು ಹಿಡಿದು, ಕಲ್ಲನ್ನು ತಬ್ಬಿಕೊಂಡು, ಎದೆ ಹಗುರಾಗುವ ತನಕ ಅತ್ತಳು. ಯಾರೂ ತಡೆಯಲಿಲ್ಲ. ಆಮೇಲೆ ಮುಖ ಒರೆಸಿಕೊಂಡು ಎದ್ದು, ಅಶ್ವತ್ಥವಿರುವ ದಿಕ್ಕಿಗೆ ಮುಖ ಮಾಡಿ, ಕಾಲ ಬೆರಳು ಗೆರೆಯನ್ನು ಮೀರದಂತೆ ನಿಂತು ಕೈ ಮುಗಿದಳು. ಹಮೀರ, ವಾಲಬಾಯಿ, ಪೂನಾಕಾಕಾ ಹಿಂದೆ ನಿಂತರು. ತೃಪ್ತಿಬೆನ್ ಆಚೆಯಿಂದಲೇ ಕೈ ಮುಗಿದಳು.

"ತಾಯೀ ಖೋಡಿಯಾರ್, ಮಂಟಪದವಳೂ ನೀನೇ, ಗರ್ಭಗುಡಿಯವಳೂ ನೀನೇ. ಬದುಕಿರುವ ತನಕ ನನ್ನ ವೇಜಾ ನಿನ್ನ ಹೊಸ್ತಿಲನ್ನು ಕಾದ, ಒಂದು ದಿನವೂ ಮೆಟ್ಟಲಿಲ್ಲ. ಈಗ ಅವನಿಗೆ ಕಾಲಿಲ್ಲ, ಹೆಜ್ಜೆಯಿಲ್ಲ, ಮುರಿಯುವುದಕ್ಕೆ ಆಣೆಯೂ ಇಲ್ಲ. ಇನ್ನು ಅವನನ್ನು ಒಳಗೆ ಕರೆದುಕೋ. ಅವ್ವನ ಪಕ್ಕದಲ್ಲಿ, ಆ ಮರದ ನೆರಳಿನಲ್ಲಿ ಅವನಿಗೆ ಜಾಗ ಕೊಡು. ಅವನ ಬಾಯಾರಿಕೆ ತೀರಲಿ, ದಣಿವು ಆರಲಿ. ಅವನ ಆತ್ಮಕ್ಕೆ ಶಾಂತಿ ಕೊಡು, ತಾಯೀ."